ಚಿಂತಾಮಣಿ ಸಮ್ಮೇಳನದ ಐದನೇ ನಿರ್ಣಯ

ಗೌರಿಬಿದನೂರಿನಿಂದ ಚಿಕ್ಕಬಳ್ಳಾಪುರಕ್ಕೆ ಹೋಗುವ ಬೆಳಗಿನ ಬಸ್ಸು ಏಳು ಗಂಟೆಗೆ ಎಂದು ಬೋರ್ಡಿನ ಮೇಲೆ ಬರೆದಿತ್ತು. ಹೊರಟದ್ದು ಎಂಟೂ ಕಾಲಿಗೆ. ಯಾಕಪ್ಪ ಅಂದರೆ ಯಾರೋ ಸಾಹುಕಾರರ ಮನೆಯವರು ಬರಬೇಕಂತೆ, ಮುಂದಿನ ಎರಡು ಸೀಟು ಅವರಿಗಂತೆ. ಸಂಕ್ರಾಂತಿ ಕಳೆದು ಒಂದು ವಾರವಾಗಿತ್ತು, ಮಂಜು ಇನ್ನೂ ಬಿಟ್ಟಿರಲಿಲ್ಲ. ಒಂದು ರೂಪಾಯಿ ಹತ್ತು ನಯಾಪೈಸೆ ಕೊಟ್ಟು ಟಿಕೆಟ್ ತೆಗೆದುಕೊಂಡ ಮೂವತ್ತು ಜನ ಹಲ್ಲು ಕಟಕಟ ಕಡಿಯುತ್ತ ಕೂತಿರಬೇಕು, ಟಿಕೆಟ್ಟೇ ತೆಗೆದುಕೊಳ್ಳದವರು ಮನೆಯಲ್ಲಿ ಬಿಸಿನೀರು ಕಾಯಿಸಿಕೊಳ್ಳುತ್ತಿರಬೇಕು, ಇದು ಯಾವ ಸೀಮೆ ನ್ಯಾಯ ಎಂದು ನಾನು ಕಂಡಕ್ಟರನನ್ನು ಕೇಳಿದೆ.

“ಅರ್ಜೆಂಟಿದ್ರೆ ನಡ್ಕೊಂಡು ಹೋಗಿ ಸಾಮಿ, ಇಪ್ಪತ್ತನಾಲ್ಕೇ ಮೈಲಿ” ಅಂದ ಅವನು.

ಪಕ್ಕದಲ್ಲಿ ಕೂತಿದ್ದ ಅಶ್ವತ್ಥಪ್ಪನವರು ನನ್ನ ತೋಳು ಹಿಡಿದು ಕೂರಿಸಿದರು. “ಸುಮ್ನಿರೋ ಕಿಟ್ಟಪ್ಪ. ಚಳೀಗೆ ಮೈ ಬಿಸಿ ಮಾಡ್ಕೊಳ್ಳಾಕೆ ಕೋಪ ಮಾಡ್ಕೊತೀಯಾ? ಚಿಕ್ಕಬಳ್ಳಾಪುರದಾಗೆ ಬಿಸಿ ಕಾಫಿ ಕುಡಿಯಣ, ಇರು” ಅಂದರು. ನನ್ನ ಹೆಸರು ಕೃಷ್ಣಪ್ಪ. ಕಿಟ್ಟಪ್ಪ ಎಂದು ಕರೆಯುವ ಹಕ್ಕು ಇದ್ದದ್ದು ನನ್ನ ತಾಯಿಗೆ ಮತ್ತು ಇವರಿಗೆ ಮಾತ್ರ.

ನಾವಿಬ್ಬರೂ ಹೊರಟಿದ್ದು ಚಿಂತಾಮಣಿಯಲ್ಲಿ ನಡೆಯುವ ನಮ್ಮ ಸಂಘದ ವಾರ್ಷಿಕ ಸಮ್ಮೇಳನಕ್ಕೆ. ನಮ್ಮ ಕಸುಬು ಅಂಗಡಿಯವರ ಪರವಾಗಿ ಮಾರಾಟ ತೆರಿಗೆಯ ರಿಟರ್ನ್ ಬರೆದು, ಆಫೀಸರು ಕರೆದಾಗ ಅವರ ಮುಂದೆ ನಿಂತು ಜವಾಬು ಹೇಳುವುದು. ಅಶ್ವತ್ಥಪ್ಪನವರು ಮೊದಲು ಬೆಲ್ಲದ ಮಂಡಿಯಲ್ಲಿ ಗುಮಾಸ್ತರಾಗಿದ್ದವರು. ನಮ್ಮ ಸೀಮೆಗೆ ಈ ತೆರಿಗೆ ಬಂದ ವರ್ಷದಿಂದ ಇದೇ ಕೆಲಸ. ಓದಿದ್ದು ಲೋಯರ್ ಸೆಕೆಂಡರಿ. ಇಂಗ್ಲಿಷ್ ಬರುತ್ತಿರಲಿಲ್ಲ. ಆದರೆ ಇಂಗ್ಲಿಷಿನಲ್ಲಿ ಅಚ್ಚಾದ ಆ ನಮೂನೆ ಅವರಿಗೆ ಕಾಲಂ ಕಾಲಮ್ಮೂ ಬಾಯಿಪಾಠ. ಏಳನೇ ಕಾಲಮ್ಮಿನಲ್ಲಿ ಏನು ಬರೆಯಬೇಕು, ಹನ್ನೊಂದನೆಯದನ್ನು ಯಾವಾಗ ಖಾಲಿ ಬಿಡಬೇಕು ಎಂದು ನನಗೆ ಕಲಿಸಿದವರೇ ಅವರು. ನಗರಗೆರೆಯಿಂದ ಎಸ್ಸೆಸ್ಸೆಲ್ಸಿ ಸರ್ಟಿಫಿಕೇಟು ಹಿಡಿದು ಬಂದ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಮೂರು ವರ್ಷ ಒಂದು ಕಾಸು ಕೇಳದೆ ಕೆಲಸ ಹೇಳಿಕೊಟ್ಟರು.

ಈಗ ಸುದ್ದಿ ಏನೆಂದರೆ, ಪದವಿ ಪಡೆದವರು, ವಕೀಲರು ಅಥವಾ ಅಕೌಂಟೆನ್ಸಿ ಪರೀಕ್ಷೆ ಪಾಸಾದವರು ಮಾತ್ರ ಇನ್ನು ಮುಂದೆ ಆಫೀಸರ ಮುಂದೆ ಹಾಜರಾಗಬಹುದು ಎಂಬ ನಿಯಮ ಬರಲಿದೆಯಂತೆ. ಆ ಪರೀಕ್ಷೆ ನಾನು ಕಟ್ಟಿ ಪಾಸು ಮಾಡಿದ್ದೆ, ನನಗೆ ಭಯವಿರಲಿಲ್ಲ. ಅಶ್ವತ್ಥಪ್ಪನವರ ಕೈಯಲ್ಲಿದ್ದದ್ದು ಹದಿನೇಳು ಅಂಗಡಿ, ಅವರ ಸಂಸಾರ ನಡೆಯುತ್ತಿದ್ದದ್ದು ಅದರಿಂದಲೇ. ನಿಯಮ ಹಾಗೇ ಬಂದರೆ ಒಂದೇ ದಿನದಲ್ಲಿ ಆ ಹದಿನೇಳೂ ಹೋಗುತ್ತವೆ. ಅದಕ್ಕೆ ಅವರು ಒಂದು ಅರ್ಜಿ ಬರೆದಿದ್ದರು. ಹತ್ತು ವರ್ಷಕ್ಕೆ ಮೇಲ್ಪಟ್ಟು ಈ ಕೆಲಸ ಮಾಡಿದವರನ್ನು ಪರೀಕ್ಷೆಯಿಂದ ಬಿಡಬೇಕು, ಸಂಘವೇ ಈ ಮಾತನ್ನು ಸರ್ಕಾರಕ್ಕೆ ಹೇಳಬೇಕು, ಅಷ್ಟೇ. ಒಂದು ಪುಟ. ಏಳು ಸಲ ತಿದ್ದಿ ಬರೆದು, ಕೋಟಿನ ಒಳಜೇಬಿನಲ್ಲಿಟ್ಟುಕೊಂಡಿದ್ದರು. ಬಸ್ಸು ಮಂಚೇನಹಳ್ಳಿ ದಾಟುವ ಹೊತ್ತಿಗೆ ಮೂರು ಸಲ ತೆಗೆದು ನೋಡಿಕೊಂಡರು.

ಚಿಕ್ಕಬಳ್ಳಾಪುರದ ಹೋಟೆಲಿನಲ್ಲಿ ಕಾಫಿಗೆ ಹದಿಮೂರು ನಯಾಪೈಸೆ ಕೇಳಿದರು. ಹಳೇ ದರ ಎರಡಾಣೆ, ಅಂದರೆ ಹನ್ನೆರಡೂವರೆ ಪೈಸೆ. ಆ ಅರ್ಧ ಪೈಸೆ ಯಾರಪ್ಪನ ಗಂಟು ಎಂದು ನಾನು ಗಲ್ಲಾಪೆಟ್ಟಿಗೆಯ ಮುಂದೆ ನಿಂತೆ. ಇಬ್ಬರ ಕಾಫಿ ಸೇರಿ ಇಪ್ಪತ್ತೈದಾಗಬೇಕು, ಇಪ್ಪತ್ತಾರು ಹೇಗೆ ತೆಗೆದುಕೊಳ್ಳುತ್ತೀರಿ? ಗಲ್ಲಾಪೆಟ್ಟಿಗೆಯವನು ಸುಸ್ತಾಗಿ ಒಂದು ಪೈಸೆ ವಾಪಸು ಕೊಟ್ಟ. ಅಶ್ವತ್ಥಪ್ಪನವರು ಬೀದಿಯಲ್ಲಿ ನಿಂತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. “ನೀನಿರೋವರೆಗೂ ಈ ದೇಶಕ್ಕೆ ನಷ್ಟ ಆಗಲ್ಲ ಬಿಡಪ್ಪ” ಅಂದರು.

ಚಿಕ್ಕ ರೈಲು ಹನ್ನೊಂದಕ್ಕೆ ಹೊರಡಬೇಕಾದದ್ದು ಹನ್ನೊಂದೂವರೆಗೆ ಹೊರಟಿತು. ನಂದಿಬೆಟ್ಟ ಹಿಂದೆ ಸರಿಯುತ್ತ ಹೋದಂತೆ ಎರಡೂ ಕಡೆ ಆಲೂಗಡ್ಡೆ ಹೊಲ, ಕೊಯ್ದ ರಾಗಿಯ ಕೂಳೆ, ಅವರೆ ಸಾಲು. ಚಿಂತಾಮಣಿಗೆ ಇಪ್ಪತ್ತೈದು ಮೈಲಿ. ಅಷ್ಟಕ್ಕೆ ಎರಡೂವರೆ ಗಂಟೆ. ಒಂದು ಕಡೆ ಎಂಜಿನ್ ನಿಂತಾಗ ಡ್ರೈವರು ಕೆಳಗಿಳಿದು, ಹೊಲದವನ ಹತ್ತಿರ ಅವರೆಕಾಯಿಗೆ ಚೌಕಾಸಿ ಮಾಡಿ, ಒಂದು ಟವೆಲಿನ ತುಂಬ ಕಟ್ಟಿಕೊಂಡು ಹತ್ತಿದ. ಸರ್ಕಾರದ ಕಲ್ಲಿದ್ದಲು ಉರಿಯುತ್ತಿದೆ, ಇವನು ಸಂತೆ ಮಾಡುತ್ತಿದ್ದಾನೆ! ರೈಲ್ವೆಗೆ ಬರೆಯುತ್ತೇನೆ ಅಂದೆ. “ಬರಿ, ಅದರ ಜೊತೆಗೆ ಕಾಯಿ ಸೊಗಡಾಗಿತ್ತಾ ಅಂತಲೂ ಕೇಳು” ಅಂದರು ಅಶ್ವತ್ಥಪ್ಪನವರು.

ಶಿಡ್ಲಘಟ್ಟದಲ್ಲಿ ಖುದ್ದೂಸ್ ಸಾಹೇಬರು ಹತ್ತಿದರು. ಅವರೂ ನಮ್ಮ ಕಸುಬಿನವರೇ. ಉರ್ದುವಿನಲ್ಲಿ ಲೆಕ್ಕ ಇಡುವ ಅಂಗಡಿಗಳೆಲ್ಲ ಅವರ ಪಾಲು. ಬಾಗಿಲು ತೆರೆದ ಕೂಡಲೇ ಊರೊಳಗೆ ರೇಷ್ಮೆಗೂಡು ಬೇಯಿಸುವ ವಾಸನೆ ಅವರ ಜೊತೆಗೇ ಒಳಗೆ ಬಂತು. ಅವರಿಗೂ ಇಂಗ್ಲಿಷ್ ಇಲ್ಲ, ಪರೀಕ್ಷೆ ಇಲ್ಲ.

“ಅರ್ಜಿ ತಂದಿದೀರಾ ಅಣ್ಣಾ?” ಎಂದು ಮೊದಲು ಕೇಳಿದ್ದೇ ಅದು.

ಅಶ್ವತ್ಥಪ್ಪನವರು ಜೇಬು ತಟ್ಟಿದರು. “ಹತ್ತು ನಿಮಿಷ ಮಾತಾಡಾಕೆ ಕೊಡಿ ಅಂತ ಕಾರ್ಯದರ್ಶಿಗೆ ಕಾಗದ ಹಾಕಿದೀನಿ. ಹತ್ತು ಬೇಡ, ಐದು ಕೊಟ್ರೂ ಸಾಕು.”

“ನೀವು ನಿಂತ್ರೆ ನಾವೆಲ್ಲ ನಿಂತಂಗೆ. ನೀವು ಕೈ ಎತ್ತಿ, ನಿಮ್ಮ ಹಿಂದೆ ನಮ್ಮದೂ ಎತ್ತುತ್ತೆ” ಅಂದರು ಸಾಹೇಬರು.

ಚಿಂತಾಮಣಿ ಸ್ಟೇಷನ್ನಿನಲ್ಲಿ ನಮ್ಮನ್ನು ಎದುರುಗೊಳ್ಳಲು ಸ್ವಾಗತ ಸಮಿತಿಯವರು ಬರುತ್ತಾರೆ ಎಂದು ಆಹ್ವಾನ ಪತ್ರಿಕೆಯಲ್ಲಿತ್ತು. ನೊಣ ಕೂಡ ಬಂದಿರಲಿಲ್ಲ. ಕೇಳಿಕೊಂಡು ಹೋದೆವು. ಸಮ್ಮೇಳನ ಕಡಲೆಕಾಯಿ ಮಂಡಿಯ ಗೋದಾಮಿನಲ್ಲಿ. ಬಾಗಿಲಲ್ಲಿ ಐದು ರೂಪಾಯಿ ಪ್ರತಿನಿಧಿ ಶುಲ್ಕ ತೆಗೆದುಕೊಂಡು ಅಂಗಿಗೆ ಒಂದೊಂದು ರಿಬ್ಬನ್ ಚುಚ್ಚಿದರು. ಬೆಂಗಳೂರಿನವರಿಗೆ ಹಳದಿ, ಮಿಕ್ಕ ಊರಿನವರಿಗೆ ನೀಲಿ. ಹಳದಿಯವರಿಗೆ ಪ್ರವಾಸಿ ಬಂಗಲೆ, ನೀಲಿಯವರಿಗೆ ಛತ್ರದ ಜಗುಲಿ ಮತ್ತು ತಲೆಗೊಂದು ಚಾಪೆ. ನಮ್ಮ ಐದು ರೂಪಾಯಿಗೆ ಏನು ಕೀಳು ಬಂತು, ಅದರ ಮೇಲೂ ಸಿಂಹ ಇಲ್ಲವೇ ಎಂದು ಕಾರ್ಯದರ್ಶಿಯನ್ನು ಕೇಳಿದೆ. ಆತ ಚಿಂತಾಮಣಿಯವನೇ, ಒಂದೇ ಸಮನೆ ಬೆವರೊರೆಸಿಕೊಳ್ಳುತ್ತಿದ್ದ ದಪ್ಪ ಆಸಾಮಿ. “ಅಡ್ಜಸ್ಟ್ ಮಾಡ್ಕೊಳ್ಳಪ್ಪ, ನಾವೆಲ್ಲ ಮನೆಯವರೇ ತಾನೇ” ಅಂದ. ನನಗೆ ಮೈಯೆಲ್ಲ ಉರಿಯಿತು. ಮನೆಯವರಾದರೆ ಜಗುಲಿಯ ಮೇಲೆ ಯಾಕೆ ಮಲಗಿಸುತ್ತೀರಿ?

ಸಂಜೆಯ ಮುಖ್ಯ ಕಾರ್ಯಕ್ರಮ ಹೊಸ ನಮೂನೆಗಳ ಮೇಲೆ ಉಪನ್ಯಾಸ. ಮಾಡಿದವರು ಸಂಘದ ಅಧ್ಯಕ್ಷರು, ಬೆಂಗಳೂರಿನ ವಕೀಲರು. ಸೂಟು, ಟೈ. ಒಂದೂವರೆ ಗಂಟೆ ಇಂಗ್ಲಿಷಿನಲ್ಲಿ. ಗೋದಾಮಿನಲ್ಲಿ ಕೂತಿದ್ದ ಎಂಬತ್ತು ಜನರಲ್ಲಿ ಅದು ಅರ್ಥವಾದವರು ಇಪ್ಪತ್ತು ಇದ್ದರೆ ಹೆಚ್ಚು. ಮಿಕ್ಕವರು ಕಡಲೆಕಾಯಿ ಸಿಪ್ಪೆಯ ದೂಳಿಗೆ ಸೀನುತ್ತ, ಅವರು ನಕ್ಕಾಗ ನಕ್ಕು, ಚಪ್ಪಾಳೆ ತಟ್ಟಿದಾಗ ತಟ್ಟಿದರು. ಕನ್ನಡದಲ್ಲಿ ಹೇಳಿ ಸ್ವಾಮಿ ಎಂದು ನಾನು ಎದ್ದು ನಿಂತು ಕೂಗಿದೆ. ಅಧ್ಯಕ್ಷರು ಕನ್ನಡಕದ ಮೇಲಿಂದ ನನ್ನನ್ನು ನೋಡಿ, “ಟೆಕ್ನಿಕಲ್ ಸಬ್ಜೆಕ್ಟು, ಕನ್ನಡದಲ್ಲಿ ಬರೋದಿಲ್ಲ” ಎಂದು ಮುಂದುವರಿಸಿದರು. ಅಂಗಡಿಯವನು ದಿನಾ ಕನ್ನಡದಲ್ಲೋ ತೆಲುಗಿನಲ್ಲೋ ವ್ಯಾಪಾರ ಮಾಡಬಹುದಂತೆ, ತೆರಿಗೆ ಕಟ್ಟಬಹುದಂತೆ. ಅದರ ಮಾತು ಮಾತ್ರ ಕನ್ನಡದಲ್ಲಿ ಬರುವುದಿಲ್ಲವಂತೆ!

ಆ ಸಂಜೆ ಒಂದೇ ಒಂದು ಸಂತೋಷದ ಸಂಗತಿ ನಡೆಯಿತು. ಕೈಯಲ್ಲಿ ತಿರುಗಿಸುವ ಲೆಕ್ಕದ ಯಂತ್ರವೊಂದನ್ನು ಮೇಜಿನ ಮೇಲಿಟ್ಟು ಮಾರುವವನು ಅದರ ಹೊಗಳಿಕೆ ಹಾಡುತ್ತಿದ್ದ. ಯಾರಾದರೂ ಪಂದ್ಯಕ್ಕೆ ಬರುತ್ತೀರಾ ಎಂದು ಕೇಳಿದ. ಖುದ್ದೂಸ್ ಸಾಹೇಬರು ಅಶ್ವತ್ಥಪ್ಪನವರನ್ನು ಹಿಂದಿನಿಂದ ದಬ್ಬಿದರು. ಒಂದೇ ಥರದ ಎರಡು ಹಾಳೆ, ಐದಂಕಿಯ ನಲವತ್ತು ಸಾಲು. ಆತ ಗರಗರ ಹಿಡಿಕೆ ತಿರುಗಿಸಿದ. ಇವರು ಹೆಬ್ಬೆರಳನ್ನು ಬೆರಳ ಗೆಣ್ಣುಗಳ ಮೇಲೆ ಓಡಿಸುತ್ತ, ತೆಲುಗಿನಲ್ಲಿ ಗುಣುಗುಣು ಅನ್ನುತ್ತ ಕೆಳಗಿಳಿದು, ಮೊತ್ತ ಬರೆದು ಪೆನ್ಸಿಲ್ ಇಟ್ಟಾಗ ಯಂತ್ರ ಇನ್ನೂ ಮೂವತ್ತೊಂದನೇ ಸಾಲಿನಲ್ಲಿತ್ತು. ಗೋದಾಮು ಕಿತ್ತುಹೋಗುವಂತೆ ಚಪ್ಪಾಳೆ. ಅಧ್ಯಕ್ಷರೇ ಇಳಿದು ಬಂದು ಕೈ ಕುಲುಕಿದರು. ಅಶ್ವತ್ಥಪ್ಪನವರ ಕಣ್ಣಲ್ಲಿ ನೀರು ಬಂತು. ಅದೇ ಹೊತ್ತಿನಲ್ಲಿ ಅವರು ಜೇಬಿನಿಂದ ಅರ್ಜಿ ತೆಗೆದು ಅಧ್ಯಕ್ಷರ ಕೈಗೇ ಕೊಟ್ಟರು. ಅಧ್ಯಕ್ಷರು ಓದದೆ ಕಾರ್ಯದರ್ಶಿಗೆ ದಾಟಿಸಿದರು. ಕಾರ್ಯದರ್ಶಿ ಅದನ್ನು ಮಡಿಸಿ ಫೈಲಿಗೆ ಸೇರಿಸಿ, “ನಾಳೆ ಐದನೇ ನಿರ್ಣಯ ಅರ್ಹತೆ ವಿಷಯಾನೇ ಐತೆ. ನೀವೇ ಹಿರಿಯರು, ನೀವೇ ಅನುಮೋದಿಸಬೇಕು” ಅಂದ.

ಇದು ನಮ್ಮ ಸಂಘದ ಪದ್ಧತಿ. ಮುಖ್ಯವಾದ ನಿರ್ಣಯವಾದರೆ ಮಂಡಿಸುವವರು ದೊಡ್ಡವರು, ಅನುಮೋದಿಸುವವರು ಸಭೆಯಲ್ಲಿರುವ ಎಲ್ಲರಿಗಿಂತ ವಯಸ್ಸಾದವರು. ಅದೊಂದು ಮರ್ಯಾದೆ, ಮದುವೆಯಲ್ಲಿ ಹಿರಿಯರಿಗೆ ಮೊದಲ ತಾಂಬೂಲ ಕೊಟ್ಟ ಹಾಗೆ. ನಿರ್ಣಯವನ್ನು ಮುಂಚೆ ಕೊಡಿ, ಓದುತ್ತೇನೆ ಎಂದು ಯಾವ ಹಿರಿಯರೂ ಕೇಳಿದ್ದಿಲ್ಲ. ಕೇಳಿದರೆ ನಂಬಿಕೆಯಿಲ್ಲ ಅಂದಂತಾಗುತ್ತದೆ. ಅಶ್ವತ್ಥಪ್ಪನವರೂ ಕೇಳಲಿಲ್ಲ. ಅವತ್ತು ಜಗುಲಿಯ ಚಾಪೆಯ ಮೇಲೆ ಮಲಗಿಕೊಂಡು, ಪ್ರವಾಸಿ ಬಂಗಲೆಯಲ್ಲಿ ಮಲಗಿದವರಿಗಿಂತ ಸುಖವಾಗಿ ನಿದ್ದೆ ಮಾಡಿದರು.

ಮಾರನೆಯ ದಿನ ಬೆಳಿಗ್ಗೆ ತೆರಿಗೆ ಅಧಿಕಾರಿಯೊಬ್ಬರು ಬಂದು ನಮ್ಮ ಪ್ರಶ್ನೆಗಳಿಗೆ ಉತ್ತರಿಸುತ್ತಾರೆ ಎಂದಿತ್ತು. ತೆಲುಗಿನಲ್ಲಿ ಬರೆದ ಲೆಕ್ಕದ ಪುಸ್ತಕಗಳನ್ನು ಆಫೀಸರು ಪಕ್ಕಕ್ಕೆ ತಳ್ಳಿ ತಾವೇ ಒಂದು ಅಂದಾಜು ಕಟ್ಟುತ್ತಾರಲ್ಲ, ಅದರ ಬಗ್ಗೆ ನಾನು ನಾಲ್ಕು ಪ್ರಶ್ನೆ ಬರೆದುಕೊಂಡು ಹೋಗಿದ್ದೆ. ಅಧಿಕಾರಿ ಬರಲಿಲ್ಲ. ಶುಭಾಶಯದ ಒಂದು ಕಾಗದ ಬಂತು, ಅದನ್ನೂ ಚಪ್ಪಾಳೆ ತಟ್ಟಿ ಸ್ವೀಕರಿಸಿದರು. ಆಮೇಲೆ ಮಾಲಾರ್ಪಣೆ. ಹಾರ ಹಾಕಿದವರಿಗೆ ಹಾರ ಹಾಕಿಸಿಕೊಂಡವರು ಮತ್ತೆ ಹಾಕಿದರು. ಇದೇ ಹನ್ನೆರಡು ಗಂಟೆಯವರೆಗೂ ನಡೆಯಿತು.

ನಿರ್ಣಯಗಳು ಶುರುವಾದವು. ಮೊದಲನೆಯದು ಯಾರಿಗೋ ಧನ್ಯವಾದ, ಎರಡನೆಯದು ಇನ್ಯಾರಿಗೋ. ಮೂರನೆಯದು ನಡೆಯುವಾಗ ನೀರು ಕುಡಿಯಲು ಹಿಂದಿನ ಅಂಗಳಕ್ಕೆ ಹೋದೆ. ಅಲ್ಲಿ ಎಲೆ ಹಾಕುತ್ತಿದ್ದರು. ನಲವತ್ತು ಎಲೆ. ಅಡಿಗೆಯ ಉಸ್ತುವಾರಿ ನೋಡುತ್ತಿದ್ದವನು ಬಡಿಸುವವರಿಗೆ ಹೇಳುತ್ತಿದ್ದ: “ಮೊದಲ ಪಂಕ್ತಿ ಹಳದಿ ರಿಬ್ಬನ್ನು. ಹೋಳಿಗೆ ಅವರಿಗೆ ಹಾಕಿ. ನೀಲಿಯವರು ಎರಡೂವರೆಗೆ ಕೂರ್ತಾರೆ, ಅವರಿಗೆ ಚಿತ್ರಾನ್ನ ಸಾಕು.”

ನನ್ನ ತಲೆ ಕೆಟ್ಟಿತು. ಒಂದು ಸಂಘ, ಒಂದು ಶುಲ್ಕ, ಊಟದಲ್ಲಿ ಎರಡು ಜಾತಿ! ಅಲ್ಲೇ ಸೌಟು ಹಿಡಿದವನ ಎದುರು ನಿಂತು ಗಂಟಲು ಹರಿದುಕೊಂಡೆ. ಅವನು ಸಮಿತಿಯ ಅಪ್ಪಣೆ ಅಂದ. ಯಾವ ಸಮಿತಿ, ಕರಿ ಅಂದೆ. ಒಬ್ಬರನ್ನು ಕರೆದ, ಅವರು ಇನ್ನೊಬ್ಬರನ್ನು ಕರೆದರು. ಒಳಗೆ ಕಾರ್ಯದರ್ಶಿ ಇಂಗ್ಲಿಷಿನಲ್ಲಿ ಏನೋ ಓದುತ್ತಿದ್ದದ್ದು ಕೇಳುತ್ತಿತ್ತು, ಚಪ್ಪಾಳೆ ಕೇಳುತ್ತಿತ್ತು. ನಾನು ಬಿಡಲಿಲ್ಲ. ಎಲೆಗಳನ್ನು ಎತ್ತಿಹಾಕುತ್ತೇನೆ ಅಂದೆ, ಪೇಪರಿಗೆ ಬರೆಯುತ್ತೇನೆ ಅಂದೆ. ಅರ್ಧ ಗಂಟೆಯ ಮೇಲೆ ಅವರೇ ಸೋತರು. ಮೊದಲ ಪಂಕ್ತಿಯಲ್ಲಿ ಯಾರು ಬೇಕಾದರೂ ಕೂರಬಹುದು, ಹೋಳಿಗೆ ಎಲ್ಲರಿಗೂ ಅರ್ಧರ್ಧ. ಗೆದ್ದ ಸಂತೋಷದಲ್ಲಿ ಮೀಸೆ ತಿರುವುತ್ತ ಒಳಗೆ ಬಂದೆ.

ಅಷ್ಟರಲ್ಲಿ ಸಭೆ ಮುಗಿದು ಜನ ಏಳುತ್ತಿದ್ದರು. ಅಶ್ವತ್ಥಪ್ಪನವರು ವೇದಿಕೆಯಿಂದ ಇಳಿದು ಬರುತ್ತಿದ್ದರು, ಕೊರಳಲ್ಲಿ ಸೇವಂತಿಗೆ ಹಾರ. ಖುದ್ದೂಸ್ ಸಾಹೇಬರು ಅವರ ಎರಡೂ ಕೈ ಹಿಡಿದುಕೊಂಡಿದ್ದರು.

“ಪಾಸಾಯ್ತು ಕಣಪ್ಪ ಕಿಟ್ಟಪ್ಪ! ಅಧ್ಯಕ್ಷರೇ ಮಂಡಿಸಿದ್ರು. ನಾನು ಎದ್ದು, ಒಪ್ಪಿದ್ದೀನಿ, ಅನುಮೋದಿಸಿದ್ದೀನಿ ಅಂತ ಹೇಳಿ ಪುಸ್ತಕದಾಗೆ ರುಜು ಹಾಕ್ದೆ. ಒಬ್ರಾದ್ರೂ ಬೇಡ ಅನ್ನಬೇಕಲ್ಲ! ನೀನೆಲ್ಲೋ ಹಾಳಾಗೋದೆ?”

ಊಟಕ್ಕೆ ಜಗಳ ಮಾಡಿದ್ದನ್ನು ಹೇಳಿದೆ. ಇಬ್ಬರೂ ನಕ್ಕರು. ಮೊದಲ ಪಂಕ್ತಿಯಲ್ಲೇ ಕೂತೆವು. ಹಿತಕಿದ ಅವರೆಬೇಳೆ ಸಾರು, ಕೋಸಂಬರಿ, ಅರ್ಧ ಹೋಳಿಗೆ. ಅಶ್ವತ್ಥಪ್ಪನವರು ಎರಡು ಸಲ ಅನ್ನ ಹಾಕಿಸಿಕೊಂಡರು. ನಾಳೆ ಮುರುಗಮಲ್ಲದ ದರ್ಗಾಕ್ಕೆ ಹೋಗಿ ಸಕ್ಕರೆಗೆ ಫಾತಿಹಾ ಓದಿಸಿ ಹಂಚೋಣ, ಇದು ನಮ್ಮ ಅನ್ನ ಉಳಿದ ದಿನ ಎಂದು ಖುದ್ದೂಸ್ ಸಾಹೇಬರು ಅಂದರು. ಹೋಗಣ ಹೋಗಣ ಎಂದು ಅಶ್ವತ್ಥಪ್ಪನವರು ಒಪ್ಪಿದರು.

ನಾಲ್ಕು ಗಂಟೆಗೆ ಸೈಕ್ಲೋಸ್ಟೈಲ್ ಮಾಡಿದ ನಿರ್ಣಯಗಳ ಹಾಳೆ ಹಂಚಿದರು. ಇಂಗ್ಲಿಷಿನಲ್ಲಿ. ಐದನೆಯದನ್ನು ಓದಿದೆ. ನಂಬಿಕೆಯಾಗದೆ ಇನ್ನೊಂದು ಸಲ ಓದಿದೆ. ವೃತ್ತಿಯ ಗೌರವ ಉಳಿಯಬೇಕಾದರೆ ಪದವಿಯಾಗಲಿ ಪರೀಕ್ಷೆಯಾಗಲಿ ಇಲ್ಲದವರನ್ನು ಅಧಿಕಾರಿಗಳ ಮುಂದೆ ಬಿಡಬಾರದು, ಎಷ್ಟು ವರ್ಷದ ಅನುಭವವಿದ್ದರೂ ವಿನಾಯಿತಿ ಕೊಡಬಾರದು ಎಂದು ಈ ಸಂಘ ಸರ್ಕಾರವನ್ನು ಕೇಳಿಕೊಳ್ಳುತ್ತದೆ. ಅನುಮೋದಿಸಿದವರು, ಗೌರಿಬಿದನೂರಿನ ಶ್ರೀ ಅಶ್ವತ್ಥಪ್ಪನವರು, ಸಭೆಯ ಅತ್ಯಂತ ಹಿರಿಯ ಸದಸ್ಯರು. ಸರ್ವಾನುಮತ.

ಅಧ್ಯಕ್ಷರು ಕಾರು ಹತ್ತುತ್ತಿದ್ದರು. ಓಡಿಹೋಗಿ ಬಾಗಿಲು ಹಿಡಿದುಕೊಂಡೆ. “ಇದೇನ್ ಸ್ವಾಮಿ ಇದು? ಅವರ ಕೈಯಿಂದಲೇ ಅವರ ಕುತ್ತಿಗೆ ಕುಯ್ಸಿದೀರಲ್ಲ! ಅವರ ಅರ್ಜಿ ಏನಾಯ್ತು?”

“ಯಾವ ಅರ್ಜಿ?” ಅಂದರು ಅವರು. ನಿಜವಾಗಿಯೂ ಅವರಿಗೆ ನೆನಪಿರಲಿಲ್ಲ, ಅದು ನನಗೆ ಇನ್ನೂ ಉರಿಯಿತು. “ನೋಡಿ ಮಿಸ್ಟರ್, ಸಭೆಯಲ್ಲಿ ಓದಿದ್ದೇವೆ. ನಿಮ್ಮ ಹಿರಿಯರೇ ಎದ್ದು ಒಪ್ಪಿದ್ದಾರೆ. ಆಕ್ಷೇಪಣೆ ಇದೆಯಾ ಅಂತ ಎರಡು ಸಲ ಕೇಳಿದೆವು. ಯಾರೂ ಮಾತಾಡಲಿಲ್ಲ. ಇಂಗ್ಲಿಷ್ ತಿಳಿದ ನೀವಾದರೂ ಹೇಳಬಹುದಿತ್ತಲ್ಲ?”

ಕಾರು ಹೋಯಿತು. ಕಾರ್ಯದರ್ಶಿಯ ಮೇಲೆ ಬಿದ್ದೆ. “ನನ್ನ ಕೈಲೇನಿದೆ ಕೃಷ್ಣಪ್ಪ? ಬೆಂಗಳೂರಿಂದ ಟೈಪಾಗಿ ಬಂತು, ಓದಿದೆ. ಅರ್ಜಿ ಫೈಲಾಗೇ ಐತೆ, ಮುಂದಿನ ವರ್ಷ ನೋಡಣ” ಎಂದು ಆತ ಬೆವರೊರೆಸಿಕೊಂಡ. ಮುಂದಿನ ವರ್ಷ! ಅಲ್ಲಿದ್ದ ಒಂದು ಕುರ್ಚಿಯನ್ನು ಒದ್ದೆ. ಕಾಲಿಗೆ ಪೆಟ್ಟಾಯಿತು, ಕುರ್ಚಿಗೆ ಏನೂ ಆಗಲಿಲ್ಲ.

ಅವತ್ತು ಅವರಿಬ್ಬರಿಗೆ ಹೇಳಲು ನನಗೆ ಬಾಯಿ ಬರಲಿಲ್ಲ. ಮಾರನೆಯ ಬೆಳಿಗ್ಗೆ ಮೂವರೂ ಮುರುಗಮಲ್ಲದ ಬಸ್ಸು ಹತ್ತಿದೆವು. ಎಂಟು ಮೈಲಿ, ನಲವತ್ತು ನಯಾಪೈಸೆ. ದಾರಿಯುದ್ದಕ್ಕೂ ಅಶ್ವತ್ಥಪ್ಪನವರು ಕಿಟಕಿಯಿಂದ ಹೊಲ ತೋರಿಸುತ್ತ, ಈ ಸಲ ಹುರುಳಿ ಚೆನ್ನಾಗಿ ಬಂದೈತೆ ಎನ್ನುತ್ತ ಬಂದರು. ಕಂಡಕ್ಟರು ಚಿಲ್ಲರೆ ಕಡಿಮೆ ಕೊಟ್ಟ, ನಾನು ಕೇಳಲಿಲ್ಲ.

“ಏನ್ ಕಿಟ್ಟಪ್ಪ, ಹುಷಾರಿಲ್ವಾ?” ಎಂದು ಅವರು ನನ್ನ ಹಣೆ ಮುಟ್ಟಿ ನೋಡಿದರು.

ದರ್ಗಾದ ಮುಂದಿನ ಅಂಗಡಿಯಲ್ಲಿ ಖುದ್ದೂಸ್ ಸಾಹೇಬರು ಒಂದು ಸೇರು ಸಕ್ಕರೆ ಕಟ್ಟಿಸಿದರು. ಇನ್ನು ತಡೆಯಲಾಗಲಿಲ್ಲ. ಇಬ್ಬರನ್ನೂ ಬೇವಿನ ಮರದ ಕೆಳಗೆ ಕರೆದುಕೊಂಡು ಹೋಗಿ ಹಾಳೆ ತೆಗೆದು ವಿಷಯ ಹೇಳಿದೆ.

ಅಶ್ವತ್ಥಪ್ಪನವರು ನಂಬಲಿಲ್ಲ. “ಓದು” ಅಂದರು. ಇಂಗ್ಲಿಷಿನಲ್ಲಿ ಪೂರ್ತಿ ಓದಿಸಿದರು, ಒಂದೊಂದು ಮಾತಿಗೂ ಕನ್ನಡ ಹೇಳಿಸಿದರು. ತಮ್ಮ ಹೆಸರಿನ ಜಾಗ ಯಾವುದೆಂದು ಕೇಳಿ ಬೆರಳಿಟ್ಟು ನೋಡಿದರು. ಖುದ್ದೂಸ್ ಸಾಹೇಬರು “ಯಾ ಅಲ್ಲಾ” ಎಂದು ಅಲ್ಲೇ ಕೂತರು. “ಅಣ್ಣ ಎದ್ರು ಅಂತ ನಾನೂ ಎದ್ದೆ. ನಾನು ಎದ್ದೆ ಅಂತ ಇಡೀ ಶಿಡ್ಲಘಟ್ಟ ಎದ್ದು ಕೈ ಎತ್ತಿತು” ಅಂದರು.

ಆಮೇಲೆ ಅಶ್ವತ್ಥಪ್ಪನವರು ನನ್ನ ಕಡೆ ನೋಡಿದರು. “ನಿನಗೆ ಇಂಗ್ಲಿಷ್ ಬರ್ತಿತ್ತಲ್ಲಪ್ಪ.”

ಬೈಯಲಿಲ್ಲ. ಬೈದಿದ್ದರೆ ನಾನೂ ಏನಾದರೂ ಹೇಳುತ್ತಿದ್ದೆ. ನನಗೆ ಹೋಳಿಗೆಯ ನೆನಪಾಯಿತು. ಅರ್ಧ ಹೋಳಿಗೆಗಾಗಿ ಅರ್ಧ ಗಂಟೆ ಕೂಗಾಡಿದ್ದೆ. ಆ ಅರ್ಧ ಗಂಟೆ ಒಳಗಿದ್ದು, ಎದ್ದು ನಿಂತು ಒಂದು ಮಾತು ಅಂದಿದ್ದರೆ ಸಾಕಿತ್ತು. ನಾನು ಅವರ ಕಾಲು ಹಿಡಿಯಲು ಬಗ್ಗಿದೆ. “ಏಯ್, ಬಿಡೋ” ಎಂದು ಹಿಂದೆ ಸರಿದರು.

“ಈಗಲೇ ಬರೀತೀನಿ” ಅಂದೆ. “ತಿಳೀದೆ ಒಪ್ಪಿದೆ, ಒಪ್ಪಿಗೆ ವಾಪಸ್ ತಗೊಂಡಿದೀನಿ ಅಂತ ಸಂಘಕ್ಕೂ ಬರೆಯೋಣ, ಸರ್ಕಾರಕ್ಕೂ ಬರೆಯೋಣ, ಪೇಪರಿಗೂ ಹಾಕೋಣ. ನೀವು ರುಜು ಮಾಡಿ ಸಾಕು.”

“ಏನಂತ ಬರೀತೀಯ? ಅಶ್ವತ್ಥಪ್ಪನಿಗೆ ಇಂಗ್ಲಿಷ್ ಬರಲ್ಲ, ಕಾಗದದಾಗೆ ಏನೈತೆ ಅಂತ ತಿಳ್ಕೊಳ್ದೆ ರುಜು ಹಾಕ್ದ ಅಂತ ತಾನೆ? ಬೆಂಗಳೂರಿನೋರು ಹೇಳ್ತಿರೋದೂ ಅದೇ ಅಲ್ವೇನಪ್ಪ?”

ಅವರು ಹಾಳೆ ಮಡಿಸಿ ನನಗೇ ಕೊಟ್ಟರು. “ಇಷ್ಟು ವರ್ಷ ನನ್ನ ಅಂಗಡಿಯೋರಿಗೆ ಓದಿ ಹೇಳ್ದೆ ಒಂದು ಹೆಬ್ಬೆಟ್ಟು ಒತ್ತಿಸಿಲ್ಲ ನಾನು. ತೆಲುಗೋನಿಗೆ ತೆಲುಗಲ್ಲಿ, ಕನ್ನಡದೋನಿಗೆ ಕನ್ನಡದಲ್ಲಿ. ನಂದು ಬಂದಾಗ ನಾನೇ ಕೇಳಲಿಲ್ಲ. ಹಾರ ಹಾಕ್ತಾರೆ ಅಂತ ಬೆಪ್ಪುತಕ್ಕಡಿ ಥರ ಹೋದೆ.” ಮೇಲೆದ್ದು ಪಂಚೆ ಕೊಡವಿಕೊಂಡರು. “ನಡೀರಿ ಸಾಹೇಬ್ರೇ, ಸಕ್ಕರೆ ಕಟ್ಟಿಸಾಗೈತೆ. ದೇವರಿಗೆ ಅಂತ ತಂದಿದ್ದನ್ನ ವಾಪಸ್ ಕೊಡಾಕಾಗಲ್ಲ.”

ಒಳಗೆ ಹೋಗಿ ಓದಿಸಿಕೊಂಡು ಬಂದರು. ಹೊರಗೆ ನಿಂತಿದ್ದ ನನ್ನ ಅಂಗೈಗೆ ಒಂದು ಚಿಟಿಕೆ ಸಕ್ಕರೆ ಹಾಕಿದರು.

ವಾಪಸು ಬರುವಾಗ ರೈಲಿಗೆ ಕಾಯಲಿಲ್ಲ, ಬಸ್ಸು ಹಿಡಿದೆವು. ಶಿಡ್ಲಘಟ್ಟದಲ್ಲಿ ಖುದ್ದೂಸ್ ಸಾಹೇಬರು ಇಳಿದು, ತಿರುಗಿ ನೋಡದೆ ಹೋದರು. ಚಿಕ್ಕಬಳ್ಳಾಪುರದಲ್ಲಿ ಬಸ್ಸು ಬದಲಾಯಿಸಿದ ಮೇಲೆ ಅಶ್ವತ್ಥಪ್ಪನವರು, “ಕಾಗದ ಪೆನ್ಸಿಲ್ ಐತಾ? ಬರ್ಕೊ” ಅಂದರು. ಸಂಘಕ್ಕೆ ಕಾಗದ ಹೇಳುತ್ತಾರೆ ಎಂದುಕೊಂಡು ಸಂತೋಷದಿಂದ ತೆಗೆದೆ. ಅವರು ತಮ್ಮ ಅಂಗಡಿಗಳನ್ನು ಒಂದೊಂದಾಗಿ ಹೇಳತೊಡಗಿದರು.

“ಗಂಗಪ್ಪ ಸೆಟ್ಟಿ. ಚೀಟಿಗಳನ್ನೆಲ್ಲ ಅಕ್ಕಿ ಡಬ್ಬದಾಗೆ ಇಡ್ತಾನೆ, ಇಲ್ಲ ಅಂತಾನೆ, ಡಬ್ಬ ಬಗ್ಗಿಸು. ಜವಳಿ ರಾಮಲಿಂಗಯ್ಯ, ಎಡಗಿವಿ ಕೇಳಲ್ಲ, ಬಲಗಡೆ ಕೂತ್ಕೊ. ಬೆಲ್ಲದ ನಂಜಪ್ಪ ಒಳ್ಳೇವನು, ಆದ್ರೆ ಸೋಮವಾರ ಹೋಗಬೇಡ, ಉಪವಾಸ ಇರ್ತಾನೆ, ಸಿಟ್ಟು ಜಾಸ್ತಿ.”

“ನನಗೆ ಬೇಡ” ಅಂದೆ. “ನಿಮ್ಮ ಅಂಗಡಿ ನಾನು ಮುಟ್ಟಲ್ಲ. ನಿಯಮ ಇನ್ನೂ ಬಂದಿಲ್ಲವಲ್ಲ.”

“ಬರುತ್ತೆ. ಬಂದ ದಿನ ಇವರೆಲ್ಲ ಬೀದೀಲಿ ನಿಲ್ಲಬೇಕಾ? ಬೆಂಗಳೂರಿನೋರ ಕೈಗೆ ಸಿಕ್ರೆ ಚರ್ಮ ಸುಲೀತಾರೆ. ಬರ್ಕೊಳೋ.”

ಮಂಚೇನಹಳ್ಳಿ ಹೋಯಿತು, ಬಸ್ಸು ಕುಲುಕಿತು, ಬರವಣಿಗೆ ಸೊಟ್ಟಸೊಟ್ಟಗಾಯಿತು. ಹದಿನಾರು ಹೆಸರು ಬರೆದೆ. ಬೆಂಗಳೂರಿನವರ ಮೇಲೆ, ಕಾರ್ಯದರ್ಶಿಯ ಮೇಲೆ, ಟೈಪು ಮಾಡಿದವನ ಮೇಲೆ ನನಗೆ ಬಂದ ಕೋಪ ಅಷ್ಟಿಷ್ಟಲ್ಲ. ಆದರೆ ಈ ಅನ್ಯಾಯದ ಲಾಭ ಯಾರ ಕೈಗೆ ಬಂತು ಎಂದು ಯಾರಾದರೂ ಕೇಳಿದರೆ, ಪೆನ್ಸಿಲ್ ಹಿಡಿದು ಕೂತಿದ್ದವನು ನಾನೇ.

ಗೌರಿಬಿದನೂರು ತಲುಪಿದಾಗ ನಾಲ್ಕು ಗಂಟೆ, ಇನ್ನೂ ಬಿಸಿಲಿತ್ತು. ಬಸ್ ಸ್ಟ್ಯಾಂಡಿನ ಎದುರಿಗೇ ತಾಯಮ್ಮನ ಕಿರಾಣಿ ಅಂಗಡಿ. ಹದಿನೇಳನೆಯ ಹೆಸರು ಅವಳದು. ನಮ್ಮನ್ನು ಕಂಡ ಕೂಡಲೇ ತಕ್ಕಡಿ ಬಿಟ್ಟು ಎದ್ದು ಬಂದಳು.

“ಏಮಯಿಂದಿ ಸಾಮಿ, ಹೋದ ಕೆಲಸ ಆಯ್ತಾ?”

“ಆಯ್ತು ತಾಯಮ್ಮ. ಇನ್ಮೇಲೆ ನಿನ್ನ ಕಾಗದ ಪತ್ರ ಎಲ್ಲ ಕೃಷ್ಣಪ್ಪ ನೋಡ್ಕೊತಾನೆ.”

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ಇವರಾ? ಬೇಡ ಸಾಮಿ. ಇವರಿಗೆ ಬಾಯಿ ತೆಗೆದ್ರೆ ಬರೀ ಕೋಪ. ನೀವಾದ್ರೆ ಕೂತ್ಕೊಂಡು ನಮ್ಮ ಮಾತಲ್ಲಿ ಹೇಳ್ತೀರಿ.”

ಅಶ್ವತ್ಥಪ್ಪನವರು ನನ್ನ ಭುಜದ ಮೇಲೆ ಕೈಯಿಟ್ಟರು. “ಕೋಪ ಇದ್ರೆ ಇರಲಿ ಬಿಡಮ್ಮ. ಇವನಿಗೆ ಇಂಗ್ಲಿಷ್ ಬರುತ್ತೆ.”

ಅಷ್ಟು ಹೇಳಿ ಅವರು ಮನೆಯ ಕಡೆ ನಡೆದರು. ತಾಯಮ್ಮ ನಾನೇನು ಹೇಳುತ್ತೇನೋ ಎಂದು ನನ್ನ ಮುಖವನ್ನೇ ನೋಡುತ್ತ ನಿಂತಿದ್ದಳು. ಮೂರು ದಿನ ಸಿಕ್ಕಿದವರ ಮೇಲೆಲ್ಲ ಕೂಗಾಡಿ ಬಂದಿದ್ದ ನಾನು ಪೆನ್ಸಿಲ್ ತೆಗೆದು ಹದಿನೇಳನೆಯ ಹೆಸರು ಬರೆದೆ.